ಮಟ್ಕಾ: ನಿಷೇಧವೋ, ನಿಯಂತ್ರಣವೋ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಟ್ಕಾ ದಾಳಿಯ ಸುದ್ದಿ ಹೊಸದಲ್ಲ. ಅಂಕಿ ಬರೆದ ಚೀಟಿ, ಒಂದಿಷ್ಟು ನಗದು, ‘ಒಂದು ರೂಪಾಯಿಗೆ 80 ರೂಪಾಯಿ’ ಎಂಬ ಆಮಿಷ, ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3): ಪ್ರಕರಣಗಳ ಸ್ವರೂಪ ಬಹುಮಟ್ಟಿಗೆ ಒಂದೇ. ಕಾಯ್ದೆ 1963ರದು. ಆಟ ಇಂದಿಗೂ ನಿಂತಿಲ್ಲ. ಇನ್ನೂ ಬಿಗಿಯಾದ ನಿಷೇಧ ಬೇಕೋ, ಪರವಾನಗಿ ಕೊಟ್ಟು ಹತೋಟಿಯಲ್ಲಿಡಬೇಕೋ ಎಂಬುದು ಪ್ರಶ್ನೆ.

ನಿಯಂತ್ರಣದ ಪರ ಇರುವವರು ಜಪಾನಿನ ಪಚಿಂಕೊ ಆಟವನ್ನು ತೋರಿಸಬಹುದು. ಅಲ್ಲಿನ ದಂಡಸಂಹಿತೆಯೂ ಜೂಜನ್ನು ನಿಷೇಧಿಸುತ್ತದೆ. ಆದರೂ ಉಕ್ಕಿನ ಗುಂಡುಗಳ ಈ ಆಟಕ್ಕೆ ಪರವಾನಗಿ ಇದೆ. ಗೆದ್ದವರು ಅಂಗಡಿಯಲ್ಲಿ ವಸ್ತು ಪಡೆದು, ಹೊರಗಿನ ಪ್ರತ್ಯೇಕ ಕಿಂಡಿಯಲ್ಲಿ ಅದನ್ನು ಹಣವಾಗಿಸಿಕೊಳ್ಳುತ್ತಾರೆ. ವ್ಯವಹಾರ ಬೆಳಕಿನಲ್ಲಿ ನಡೆದರೆ ತೆರಿಗೆ ಬರುತ್ತದೆ, ತಪಾಸಣೆ ಸಾಧ್ಯವಾಗುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು.

ಆದರೆ ಅದೇ ಜಪಾನು 2018ರಲ್ಲಿ ಜೂಜಿನ ಚಟ ತಡೆಗೆಂದೇ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಪರವಾನಗಿ ಆಟವನ್ನು ಶಿಸ್ತಿಗೆ ತಂದೀತು. ಚಟವನ್ನು ತಡೆಯುತ್ತದೆ ಎನ್ನಲಾಗದು.

ನಿಯಂತ್ರಣದ ಪರ ಇರುವವರ ಸಮಾನತೆಯ ವಾದ ಇನ್ನಷ್ಟು ಗಟ್ಟಿ. ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಬಾಜಿ ಕಟ್ಟುವುದು ಅಪರಾಧವಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. ಅಲ್ಲಿನ ಅಕ್ಕಲಕೋಟೆಯಲ್ಲಿ ಅದೃಷ್ಟ ಪರೀಕ್ಷೆ ಸಕ್ರಮ, ಅಫಜಲಪುರದಲ್ಲಿ ಅಕ್ರಮ ಎಂದಾಗ ಕೂಲಿಕಾರನಿಗೆ ನ್ಯಾಯ ಎರಡು ಬಗೆಯದಾಗಿ ಕಾಣುವುದು ಸಹಜ.

ಇದಕ್ಕೆ ಪ್ರತಿವಾದಿಗಳ ಉತ್ತರ ಲೆಕ್ಕದಲ್ಲಿದೆ. ಮಟ್ಕಾದಲ್ಲಿ ಹಣ ಕಟ್ಟುವ ಎರಡಂಕಿಯ ಜೋಡಿಗಳು 00ರಿಂದ 99ರವರೆಗೆ ನೂರು. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ಮರಳುವುದು 80. ಪ್ರತಿ ರೂಪಾಯಿಗೆ 20 ಪೈಸೆ ನಷ್ಟ ಆಟದ ರಚನೆಯಲ್ಲೇ ಇದೆ. ತೆರಿಗೆ ಸೇರಿದರೆ ಆಡುವವನ ಪಾಲು ಇನ್ನೂ ಕುಗ್ಗಬಹುದು. ತೊಗರಿ ಮಾರಿದ ದುಡ್ಡನ್ನೇ ವರ್ಷವಿಡೀ ಹಂಚಿಕೊಂಡು ಬದುಕುವ ಮನೆಗಳಲ್ಲಿ ಈ ನಷ್ಟ ರೇಷನ್ನಿಗೆ, ಶಾಲೆಯ ಫೀಸಿಗೆ ತಟ್ಟುತ್ತದೆ. ಕಾನೂನಿನ ಹೆದರಿಕೆಯಿಂದ ದೂರ ಉಳಿದವರನ್ನೂ ಸರ್ಕಾರದ ಮುದ್ರೆ ಒಳಗೆಳೆದೀತು.

ಹಾಗೆಂದು ಚೀಟಿ ಬರೆಯುವವನನ್ನು ಹಿಡಿದು ದಂಡ ಹಾಕಿ ಬಿಡುವುದರಿಂದ ದಂಧೆಯ ಬೇರು ಅಲ್ಲಾಡುವುದಿಲ್ಲ ಎಂಬುದನ್ನು ನಿಷೇಧದ ಪರ ಇರುವವರೂ ಒಪ್ಪಬೇಕಾಗುತ್ತದೆ.

ಎರಡೂ ಕಡೆಯನ್ನು ತೂಗಿದಾಗ, ಸಕ್ರಮಗೊಳಿಸುವ ವಾದ ಸದ್ಯಕ್ಕೆ ಹಗುರವೆಂದೇ ತೋರುತ್ತದೆ. ಆದರೆ ನಿಷೇಧದ ಗುರಿ ಬದಲಾಗಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ನಡೆಸುವವರನ್ನು ಶಿಕ್ಷಿಸುತ್ತದೆ, ಆಡುವವರನ್ನಲ್ಲ. ಮಟ್ಕಾಕ್ಕೂ ಅದೇ ತತ್ವ ಅನ್ವಯಿಸುವುದು ಉಚಿತ: ಬುಕ್ಕಿಗೂ ಅವನ ಹಿಂದಿನ ಹಣದ ಜಾಲಕ್ಕೂ ಕಠಿಣ ಕ್ರಮ, ಆಡುವವನಿಗೆ ಆಪ್ತಸಮಾಲೋಚನೆ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ಉಚಿತವಾಗಿ ಲಭ್ಯವಿದೆ. ಮೂರೂ ತಾಲ್ಲೂಕುಗಳ ಠಾಣೆಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಸಂಖ್ಯೆ ಎದ್ದು ಕಾಣುವಂತಿರಲಿ.