ಹಾರೆ ಇವತ್ತು ಕಾವಲಿರಲ್ಲ

ಮೊನ್ನೆ ಶನಿವಾರ ರಾತ್ರಿ ಹನ್ನೊಂದೂವರೆಗೆ, ಜೆ.ಪಿ. ನಗರದ ಒಂದು ಬಾಡಿಗೆ ಮನೆಯ ಹಾಲಿನಲ್ಲಿ, ಮೂವತ್ತು ದಾಟಿದ ಆರು ಜನ ಇಂಜಿನಿಯರುಗಳು ಕಿತ್ತಾಡಿದೆವು. ಕಾರಣ ಇಷ್ಟೇ: ಇಲ್ಲದ ಒಂದು ಕಾಡಿನಲ್ಲಿ, ಇಲ್ಲದ ಒಂದು ರಾತ್ರಿ, ಇಲ್ಲದ ಒಂದು ಯಂತ್ರ ಕಾವಲು ಕೂರಬೇಕೋ ಬೇಡವೋ. ಕೆಳಗಿನ ಮನೆಯ ಆಂಟಿ ಬಂದು ಬೆಲ್ ಮಾಡಿದ ಮೇಲೇ ದನಿ ತಗ್ಗಿದ್ದು. ನಗ್ರಿ, ಪರವಾಗಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡ್ತೀನೂ ನಕ್ಕಳು. ಆದರೆ ನಾನು ಆ ಜಗಳದಿಂದ ಹಿಂದೆ ಸರಿಯೋಕೆ ತಯಾರಿಲ್ಲ. ಅದಕ್ಕೇ ಬರೀತಿದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಿಂದ ಇರುವ ಆಟ. ಒಬ್ಬರು ಕಥೆ ನಡೆಸ್ತಾರೆ, ಅವರನ್ನ ಡಿಎಂ ಅಂತೀವಿ. ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡ್ತೀವಿ, ಕಷ್ಟದ ಕೆಲಸ ಬಂದಾಗ ಡೈಸ್ ಉರುಳಿಸ್ತೀವಿ. ನಮ್ಮ ಗುಂಪಿನ ಮಂಗಳೂರಿನವನು ಇದನ್ನ ಡೈಸ್ ಇಟ್ಟುಕೊಂಡು ಆಡೋ ತಾಳಮದ್ದಳೆ ಅಂತಾನೆ. ಪಾತ್ರಕ್ಕೆ ಒಂದು ಕುಲ ಆರಿಸಬೇಕು: ಮನುಷ್ಯ, ಎಲ್ಫ್, ಡ್ವಾರ್ಫ್ ಹೀಗೆ. ನಾನು ಆರಿಸಿದ್ದು ವಾರ್‌ಫೋರ್ಜ್ಡ್.

ಈ ವಾರ್‌ಫೋರ್ಜ್ಡ್ ಬಂದದ್ದು ಎಬೆರಾನ್ ಅನ್ನೋ ಲೋಕದಿಂದ. 2002ರಲ್ಲಿ ಈ ಆಟದ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್, ಹೊಸ ಲೋಕವೊಂದನ್ನ ಕಟ್ಟಿಕೊಡಿ ಅಂತ ಜಗತ್ತಿಗೇ ಸ್ಪರ್ಧೆ ಇಟ್ಟಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಸ್ತಾವ ಬಂದು, ಅದರಲ್ಲಿ ಕೀತ್ ಬೇಕರ್ ಅವರದು ಗೆದ್ದು, 2004ರಲ್ಲಿ ಪುಸ್ತಕ ಆಯ್ತು. ಆ ಲೋಕದಲ್ಲಿ ನೂರು ವರ್ಷ ಒಂದು ಯುದ್ಧ ನಡೆದಿದೆ. ಸೈನಿಕರು ಸಾಲದೇ ಬಂದಾಗ ಹೌಸ್ ಕ್ಯಾನಿತ್ ಅನ್ನೋ ಶ್ರೀಮಂತ ಮನೆತನ ಮರ, ಕಲ್ಲು, ಲೋಹ ಸೇರಿಸಿ ಮಂತ್ರದ ಕುಲುಮೆಯಲ್ಲಿ ಸೈನಿಕರನ್ನ ಎರಕ ಹೊಯ್ದು ಮಾರಿತು. ಎರಕದಿಂದ ಎದ್ದವರಿಗೆ ಬುದ್ಧಿ ಇತ್ತು, ಮನಸ್ಸೂ ಇತ್ತು. ಯುದ್ಧ ಮುಗಿದು ಥ್ರೋನ್‌ಹೋಲ್ಡ್ ಒಪ್ಪಂದ ಆದಾಗ ಎರಡು ಮಾತು ಬರೆದರು. ಒಂದು, ವಾರ್‌ಫೋರ್ಜ್ಡ್ ಇನ್ನು ಯಾರ ಸ್ವತ್ತೂ ಅಲ್ಲ. ಇನ್ನೊಂದು, ಆ ಕುಲುಮೆಗಳನ್ನೆಲ್ಲ ಒಡೆದು ಹಾಕಬೇಕು.

ಎರಡನ್ನೂ ಒಟ್ಟಿಗೆ ಓದಿ ನೋಡಿ. ನಿಮಗೆ ಬಿಡುಗಡೆ ಆಯ್ತು, ಆದರೆ ನಿಮ್ಮವರು ಇನ್ನು ಹುಟ್ಟೋ ಹಾಗಿಲ್ಲ. ಅವರಲ್ಲಿ ಅತಿ ಹಿರಿಯರಿಗೂ ಮೂವತ್ತೋ ಏನೋ ವಯಸ್ಸು, ಹೆಚ್ಚೂಕಡಿಮೆ ನನ್ನ ಓರಗೆ. ಯುದ್ಧ ಬಿಟ್ಟು ಬೇರೆ ಕಸುಬು ಕಲಿತಿಲ್ಲ, ಊರಿಲ್ಲ, ಜಮೀನಿಲ್ಲ. ಥ್ರೇನ್, ಕಾರ್ನಾತ್‌ನಂಥ ದೇಶಗಳಲ್ಲಿ ಕಾಗದದ ಮೇಲೆ ಸ್ವತಂತ್ರರಾದವರೇ ಕರಾರಿಗೆ ಬಿದ್ದು, ಯುದ್ಧದಲ್ಲಿ ಹಾಳಾದ ಊರುಗಳನ್ನ ಕಟ್ಟುತ್ತಾ ದುಡೀತಾರೆ. ಇದೆಲ್ಲ ನನ್ನ ವ್ಯಾಖ್ಯಾನ ಅಲ್ಲ, ಪುಸ್ತಕದಲ್ಲೇ ಇದೆ.

ನನ್ನ ಪಾತ್ರದ ಹೆಸರು ಹಾರೆ. ಸೇನೆಯಲ್ಲಿ ಕಂದಕ ತೋಡೋ ಪಡೆಯಲ್ಲಿದ್ದದ್ದಕ್ಕೆ ಯಾರೋ ಹಾಗೆ ಕರೆದು, ಅದೇ ನಿಂತುಹೋಯ್ತು ಅಂತ ಇಟ್ಟುಕೊಂಡೆ. ಮೊದಲ ವಾರ ಕಾಡಿನಲ್ಲಿ ರಾತ್ರಿ ಆಯ್ತು. ಮಾಂತ್ರಿಕನ ಪಾತ್ರ ಆಡೋ ಗೆಳೆಯ ಶೀಟಿನಿಂದ ತಲೆ ಎತ್ತದೇ ಅಂದ: "ಹಾರೆ ಇದೆಯಲ್ಲ ಮಗಾ, ಅದು ಕಾವಲಿರುತ್ತೆ. ನಾವು ಲಾಂಗ್ ರೆಸ್ಟ್." ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ. ಹೀಗೇ ಹನ್ನೊಂದು ವಾರ. ಒಂದು ಸಲವೂ ಯಾರೂ ನನ್ನ ಕಡೆ ತಿರುಗಿ ಕೇಳಲಿಲ್ಲ. ಆಮೇಲಾಮೇಲೆ ಆ ವಾಕ್ಯವೂ ನಿಂತುಹೋಯ್ತು, ಡಿಎಂ ನೇರವಾಗಿ "ಬೆಳಗಾಯ್ತು" ಅಂತಿದ್ದ.

ಹನ್ನೆರಡನೇ ವಾರ ನಾನು ಹೇಳಿದೆ: "ಹಾರೆ ಇವತ್ತು ಕಾವಲಿರಲ್ಲ."

"ಯಾಕೆ?"

"ಸುಮ್ನೆ."

ಅಷ್ಟೇ ಸಾಕಾಯ್ತು. "ರೂಲ್ಸ್ ಬುಕ್ಕಲ್ಲೇ ಇದೆ ಗುರು, ವಾರ್‌ಫೋರ್ಜ್ಡ್‌ಗೆ ನಿದ್ದೆ ಬೇಕಾಗಿಲ್ಲ."

ಸರಿ, ರೂಲ್ಸೇ ಮಾತಾಡೋಣ. ನಾವು ಆಡೋದು ಐದನೇ ಆವೃತ್ತಿ. 2019ರ ಎಬೆರಾನ್ ಪುಸ್ತಕದ ಪ್ರಕಾರ ವಾರ್‌ಫೋರ್ಜ್ಡ್‌ಗೆ ಅನ್ನ, ನೀರು, ಉಸಿರು, ನಿದ್ದೆ ಯಾವುದೂ ಬೇಕಾಗಿಲ್ಲ. ಆದರೆ ಲಾಂಗ್ ರೆಸ್ಟಿನಲ್ಲಿ ಕನಿಷ್ಠ ಆರು ತಾಸು ಅಲುಗಾಡದೇ ಇರಬೇಕು. ಆಗಲೂ ಕಣ್ಣು ಕಾಣುತ್ತೆ, ಕಿವಿ ಕೇಳುತ್ತೆ, ಪ್ರಜ್ಞೆ ಹೋಗಲ್ಲ. ಅಂದರೆ ವಿಶ್ರಾಂತಿ ಬೇಕು ಅಂತಲೇ ಅಲ್ವಾ ಬರೆದಿರೋದು? ನಮ್ಮವರು ಮೊದಲಿನ ಅರ್ಧ ಮಾತ್ರ ಬಾಯಿಪಾಠ ಮಾಡಿದ್ದಾರೆ. ಇನ್ನೊಂದು ಲೆಕ್ಕ ಕೇಳಿ. ಉಳಿದವರ ಲಾಂಗ್ ರೆಸ್ಟ್ ಎಂಟು ತಾಸಿನದು, ಅದರಲ್ಲಿ ಎರಡು ತಾಸು ಕಾವಲಿನಂಥ ಹಗುರ ಕೆಲಸ ಮಾಡಿದರೆ ಯಾರಿಗೂ ಏನೂ ನಷ್ಟ ಇಲ್ಲ. ನಮ್ಮ ಪಾರ್ಟಿಯಲ್ಲಿ ಹಾರೆ ಬಿಟ್ಟು ನಾಲ್ಕು ಜನ. ನಾಲ್ಕೆರಡ್ಲ ಎಂಟು. ಇಡೀ ರಾತ್ರಿ ಸಲೀಸಾಗಿ ಕಳೆಯುತ್ತೆ, ಒಬ್ಬರ ಮಂತ್ರವೂ ಹಾಳಾಗಲ್ಲ. ನಾಲ್ಕೂ ಜನ ದಿನಾ ಕೆಲಸದಲ್ಲಿ ಇದಕ್ಕಿಂತ ಗೋಜಲಿನ ಶೆಡ್ಯೂಲಿಂಗ್ ಬಿಡಿಸೋರು. ಹನ್ನೊಂದು ವಾರ ಇದೊಂದು ಲೆಕ್ಕ ಯಾರಿಗೂ ಹೊಳೆಯಲಿಲ್ಲ ಅಂದರೆ, ಹೊಳೆಯೋ ಅಗತ್ಯ ಯಾರಿಗೂ ಇರಲಿಲ್ಲ ಅಂತ ಅರ್ಥ.

ಇದಕ್ಕಿಂತ ಮಜಾ ಎಲ್ಫ್‌ನದು. ಇದೇ ಆವೃತ್ತಿಯಲ್ಲಿ ಎಲ್ಫ್‌ಗಳೂ ಮಲಗಲ್ಲ, ನಾಲ್ಕು ತಾಸು ಅರೆ ಎಚ್ಚರದಲ್ಲಿ ಕೂತರೆ ಸಾಕು. ನಮ್ಮ ಹಿಂದಿನ ಕ್ಯಾಂಪೇನಿನಲ್ಲಿ ಇದೇ ಗೆಳೆಯ ಎಲ್ಫ್ ಆಗಿದ್ದ. ಆಗ ಕಾವಲಿಗೆ ಪಾಳಿ ಹಾಕಿದ್ವಿ, ಅವನ ಪಾಲಿಗೂ ಎರಡೇ ತಾಸು. ಮಿಕ್ಕ ಹೊತ್ತು ಅವನು ನಕ್ಷತ್ರ ನೋಡ್ತಿದ್ದ, ಹಳೇ ಹಾಡು ನೆನಪಿಸಿಕೊಳ್ತಿದ್ದ, ನಾವೆಲ್ಲ ಆಹಾ ಅಂತಿದ್ವಿ. ಎಲ್ಫ್ ಮಲಗದಿದ್ದರೆ ಅದು ಧ್ಯಾನ, ವಾರ್‌ಫೋರ್ಜ್ಡ್ ಮಲಗದಿದ್ದರೆ ಅದು ಫೀಚರ್!

ನನ್ನ ತಕರಾರಿನ ಬುಡ ಇಲ್ಲೇ ಇದೆ. ಕನ್ನಡದಲ್ಲಿ "ಬೇಕಾಗಿಲ್ಲ" ಬೇರೆ, "ಬೇಡ" ಬೇರೆ. ಬೇಕಾಗಿಲ್ಲ ಅನ್ನೋದನ್ನ ಯಾರು ಬೇಕಾದರೂ ನಿಮ್ಮ ಬಗ್ಗೆ ಬರೆದಿಡಬಹುದು. ಬೇಡ ಅನ್ನೋದನ್ನ ನೀವೇ ಹೇಳಬೇಕು. ವಾರ್‌ಫೋರ್ಜ್ಡ್‌ಗೆ ನಿದ್ದೆ ಬೇಕಾಗಿಲ್ಲ ಅಂತ ತೀರ್ಮಾನಿಸಿದ್ದು ಯಾರು? ಅವರನ್ನ ಮಾರಿದ ಮನೆತನ. ಅದು ಕೊಳ್ಳುವವನಿಗಾಗಿ ಬರೆದ ಗುಣಪಟ್ಟಿ. ಅದೇ ಪಟ್ಟಿಯನ್ನ ನಮ್ಮ ಆಟಗಾರರು ಕ್ಯಾರೆಕ್ಟರ್ ಶೀಟಿಗೆ ನಕಲು ಮಾಡಿಕೊಂಡು, ಆರ್ಮರ್ ಕ್ಲಾಸಿಗೆ ಒಂದು ಪ್ಲಸ್ ಸಿಕ್ತು, ವಿಷ ಅಷ್ಟಾಗಿ ತಟ್ಟಲ್ಲ, ರೋಗ ಬರಲ್ಲ ಅಂತ ಖುಷಿಪಡ್ತಾರೆ. 2004ರ ಪುಸ್ತಕ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿತ್ತು ಅನ್ನಿಸುತ್ತೆ. ಅದರಲ್ಲಿ ಗಾಯ ಮಾಗಿಸೋ ಮಂತ್ರ ವಾರ್‌ಫೋರ್ಜ್ಡ್ ಮೇಲೆ ಅರ್ಧ ಮಾತ್ರ ಕೆಲಸ ಮಾಡ್ತಿತ್ತು. ಪಕ್ಕದಲ್ಲಿ ಬಿದ್ದ ಮನುಷ್ಯ ಎದ್ದು ಕೂತಾಗ ನೀವು ಇನ್ನೂ ಅರ್ಧ ಮುರಿದೇ ಇರ್ತಿದ್ರಿ, ಆ ದೇಹದ ಬೆಲೆ ಏನು ಅಂತ ಟೇಬಲ್ಲಿಗೆಲ್ಲ ಕಾಣ್ತಿತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮ: ಊಟ ಬೇಕಾಗಿಲ್ಲ, ಆದರೆ ಮದ್ದು ಕುಡಿದರೆ ಅದರ ಗುಣ ಇವರಿಗೂ ಹತ್ತುತ್ತೆ. ಅಂದರೆ ಬಾಯಿ ಇದೆ, ಕುಡಿಯೋಕೂ ಬರುತ್ತೆ. ಐದನೇ ಆವೃತ್ತಿಯ ಹೊತ್ತಿಗೆ ಆ ಅರ್ಧ ಗಾಯ ಹೋಗಿತ್ತು. ಆಡೋಕೆ ಸುಲಭ ಆಯ್ತು, ನಿಜ. ಜೊತೆಗೆ ಮರೆಯೋಕೂ ಸುಲಭ ಆಯ್ತು.

ನನಗೇಕೆ ಇಷ್ಟು ಉರಿ ಅಂದರೆ, ಈ ವಾಕ್ಯವನ್ನ ನಾನು ಮೊದಲು ಕೇಳಿದ್ದು ಆಟದಲ್ಲಲ್ಲ.

ಗುಬ್ಬಿ ಕಡೆಯ ನಮ್ಮೂರಲ್ಲಿ, ನಮ್ಮದೇ ಮನೇಲಿ, ಒಬ್ಬ ಸಂಬಳದಾಳು ಇದ್ದ. ಇದ್ದರು ಅನ್ನಬೇಕು, ಆದರೆ ಆಗ ನಾನು ಹೇಗೆ ಕರೀತಿದ್ನೋ ಹಾಗೇ ಬರೀತೀನಿ. ಅವನಿಗೆ ಐವತ್ತರ ಹತ್ತಿರ, ನನಗೆ ಒಂಬತ್ತು, ನಾನು ಅವನನ್ನ "ಬಾರೋ" ಅಂತಿದ್ದೆ. ಅಪ್ಪ ಮಾಡಿದ ಸಾಲಕ್ಕೆ ಮಗ ಬಂದು ನಿಂತಿದ್ದ, ಯುಗಾದಿಯಿಂದ ಯುಗಾದಿಗೆ ಲೆಕ್ಕ, ಲೆಕ್ಕ ಯಾವತ್ತೂ ತೀರ್ತಿರಲಿಲ್ಲ. ಜೀತ ರದ್ದು ಮಾಡೋ ಕಾಯ್ದೆ 1976ರಲ್ಲೇ ಬಂದಿತ್ತು. ನಾನು ಹೇಳ್ತಿರೋದು ಅದಾಗಿ ಇಪ್ಪತ್ತು ವರ್ಷದ ಮೇಲಿನ ಮಾತು. ಅದಕ್ಕೇ ನಮ್ಮನೇಲಿ ಜೀತ ಅನ್ನೋ ಪದ ಯಾರೂ ಬಳಸ್ತಿರಲಿಲ್ಲ, ಸಂಬಳ ಅಂತಿದ್ರು. ಸುಗ್ಗಿಯಲ್ಲಿ ರಾಗಿ ಮೆದೆ ಕಣದಲ್ಲಿದ್ದಾಗ ರಾತ್ರಿಯೆಲ್ಲ ಅವನೇ ಕಾಯಬೇಕು. ಮೈ ಕೊರೆಯೋ ಚಳಿ, ಒಂದು ಕಂಬಳಿ. ಅಜ್ಜಿ ಒಂದ್ಸಲ "ಇವತ್ತಾದ್ರೂ ಬೇರೆ ಯಾರನ್ನಾದ್ರೂ ಕಳಿಸಿ" ಅಂದಾಗ ತಾತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಅವನಿಗೆ ನಿದ್ದೆ ಎಲ್ಲಿ ಬತ್ತದೆ ಬುಡು."

ನಾನು ಅದನ್ನ ನಂಬಿದ್ದೆ. ದೇವರಾಣೆ ನಂಬಿದ್ದೆ. ಕೆಲವರಿಗೆ ಕಣ್ಣು ಕಂದು ಇರೋ ಹಾಗೆ ಕೆಲವರಿಗೆ ನಿದ್ದೆ ಬರಲ್ಲ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವನು ಬಾಯಿ ತೆರೆದುಕೊಂಡು ಮಲಗಿದ್ದು ಕಂಡು, ಏನೋ ಅದ್ಭುತ ಕಂಡವನ ಹಾಗೆ ಓಡಿ ಬಂದು ತಾತನಿಗೆ ಹೇಳಿದೆ, "ತಾತ, ಅವನು ಮಲಗ್ತಾನೆ!" ಚಾಡಿ ಹೇಳೋ ಉದ್ದೇಶ ನನಗಿರಲಿಲ್ಲ. ತಾತ ಜಗಲಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ನೀವು ಕೇಳ್ತೀರಿ, ನನ್ನ ಗೆಳೆಯರೂ ಕೇಳಿದರು: ಆಟಕ್ಕೆ ಇದನ್ನೆಲ್ಲ ಯಾಕೆ ತರ್ತೀಯಾ, ವಾರ ಪೂರ್ತಿ ದುಡಿದು ಸುಸ್ತಾಗಿ ಬಂದಿರ್ತೀವಿ, ಎರಡು ಗಂಟೆ ಆರಾಮಾಗಿರೋಣ. ನಾನು ತರಲಿಲ್ಲ ಸ್ವಾಮಿ, ಅದು ಮೊದಲಿಂದಲೂ ಅಲ್ಲೇ ಕೂತಿದೆ. ರೋಬೋಟ್ ಅನ್ನೋ ಪದವೇ ಚೆಕ್ ಭಾಷೆಯ ರೊಬೋಟಾ ಅನ್ನೋದರಿಂದ ಬಂದದ್ದು. ಅಂದರೆ ಬಿಟ್ಟಿ ಚಾಕರಿ, ಒಡೆಯನ ಹೊಲದಲ್ಲಿ ಮಾಡಲೇಬೇಕಾದ ದುಡಿಮೆ. ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಆ ಪದವನ್ನ ಲೋಕಕ್ಕೆ ಕೊಟ್ಟ. ಜೀತವನ್ನ ಹೊರಗಿಟ್ಟು ರೋಬೋಟ್ ಕಥೆ ಆಡ್ತೀನಿ ಅಂದರೆ ಆ ಕಥೆಯಲ್ಲಿ ಉಳಿಯೋದೇನು, ತಗಡು ಮಾತ್ರ.

ಇನ್ನೊಂದು ಪಂಗಡ ಇದೆ, ಅವರ ಟೇಬಲ್ಲಿನಲ್ಲಿ ವಾರ್‌ಫೋರ್ಜ್ಡ್‌ಗೆ ಪ್ರವೇಶವೇ ಇಲ್ಲ. ಮಂತ್ರ ತಂತ್ರದ ಕಥೆಯಲ್ಲಿ ಯಂತ್ರ ಹೊಂದಲ್ಲ ಅಂತೆ. ಇವರ ಅಜ್ಜಿಯರು ಇವರಿಗೆ ಕಥೆ ಹೇಳಿರಲಿಲ್ಲ ಅಂತ ಕಾಣುತ್ತೆ. ವಿಕ್ರಮಾದಿತ್ಯನ ಸಿಂಹಾಸನದ ಮೂವತ್ತೆರಡು ಬೊಂಬೆಗಳು ಏನು ಮತ್ತೆ? ಭೋಜರಾಜ ಹತ್ತೋಕೆ ಬಂದರೆ ಒಂದೊಂದೇ ಬೊಂಬೆ ತಡೆದು, ನಿನಗೆ ಆ ಯೋಗ್ಯತೆ ಇದೆಯಾ ಅಂತ ಕೇಳುತ್ತೆ. ಅದೇ ಭೋಜನ ಹೆಸರಲ್ಲಿರೋ ಸಮರಾಂಗಣ ಸೂತ್ರಧಾರ ಅನ್ನೋ ಹನ್ನೊಂದನೇ ಶತಮಾನದ ವಾಸ್ತು ಗ್ರಂಥದಲ್ಲಿ ಯಂತ್ರಗಳದೇ ಒಂದು ಅಧ್ಯಾಯ ಇದೆ. ಅದರಲ್ಲಿ ಬಾಗಿಲು ಕಾಯೋ ಮರದ ಆಳುಗಳೂ ಬರ್ತಾರೆ. ಗ್ರೀಕರ ಕಂಚಿನ ತಾಲೋಸ್ ಕೂಡ ಕ್ರೀಟ್ ದ್ವೀಪಕ್ಕೆ ದಿನಾ ಸುತ್ತು ಹಾಕ್ತಾ ಕಾವಲಿದ್ದವನೇ. ನೋಡಿ, ಯಂತ್ರಕ್ಕೆ ಜೀವ ಕೊಟ್ಟ ತಕ್ಷಣ ಮನುಷ್ಯ ಒಪ್ಪಿಸೋ ಮೊದಲ ಕೆಲಸ ರಾತ್ರಿ ಪಾಳಿ. ಆಫೀಸಲ್ಲಿ ಮದುವೆಯಾಗದ ಹುಡುಗರಿಗೆ ದೀಪಾವಳಿ ಆನ್-ಕಾಲ್ ಬೀಳೋದೂ ಇದೇ ತರ್ಕದ ಮೇಲೆ: ನಿನಗೇನು ಸಂಸಾರವಾ, ನೀನು ಫ್ರೀ ಅಲ್ವಾ. ಐದು ದೀಪಾವಳಿ ಮಾಡಿದೀನಿ ನಾನು. ಮದುವೆಯಾದ ವರ್ಷ ಅದೇ ಪಾಳಿಯನ್ನ ಬಾಯಿ ಮುಚ್ಚಿಕೊಂಡು ಹೊಸ ಹುಡುಗನಿಗೆ ದಾಟಿಸಿದೀನಿ ಕೂಡ.

ಟೇಬಲ್ಲಿನವರಿಗೆ ನಾನು ಕೇಳೋದು ದೊಡ್ಡದೇನಲ್ಲ. ವಾರ್‌ಫೋರ್ಜ್ಡ್ ಆಡೋರು ದಯವಿಟ್ಟು ಎಟಿಎಂ ಮಷೀನಿನ ದನಿಯಲ್ಲಿ ಮಾತಾಡೋದು ಬಿಡಿ, ನಗು ಬರೋದು ಎರಡೇ ವಾರ. ನಿಮ್ಮ ಪಾತ್ರಕ್ಕೆ ಏನು ಬೇಕಾಗಿಲ್ಲ ಅಂತ ಪುಸ್ತಕದಲ್ಲಿದೆ, ಏನು ಬೇಕು ಅಂತ ನೀವು ಬರ್ಕೊಳ್ಳಿ. ಪಕ್ಕದಲ್ಲಿ ಕೂತು ಆಡೋರು ಕಾವಲಿಗೆ ಮೊದಲು ಕೇಳಿ. ಆಮೇಲೆ ಆ "ಅದು" ಅನ್ನೋದನ್ನ ಬಿಡಿ. ಇಂಗ್ಲಿಷಿನವರು ಇಟ್, ಹೀ, ದೇ ಅಂತ ತಲೆ ಕೆಡಿಸಿಕೊಳ್ತಾರೆ. ನಮಗೇನು ಕಷ್ಟ? ವಾರ್‌ಫೋರ್ಜ್ಡ್ ಗಂಡೂ ಅಲ್ಲ ಹೆಣ್ಣೂ ಅಲ್ಲ, ನಮ್ಮ ಹತ್ತಿರ "ಅವರು" ಇದೆ. ಲಿಂಗ ಕೇಳಲ್ಲ, ಮರ್ಯಾದೆ ಉಚಿತ. ಮಗುವನ್ನ ಮುದ್ದಿಗೆ ಅದು ಅಂತೀವಲ್ಲ ಅಂತ ಮಾಂತ್ರಿಕ ವಾದ ಹೂಡಿದ. ಹೌದಪ್ಪ, ಆದರೆ ಮಗುವನ್ನ ರಾತ್ರಿಯೆಲ್ಲ ಕಾವಲು ಕೂರಿಸ್ತೀಯಾ ಅಂದೆ. ಆಂಟಿ ಬೆಲ್ ಮಾಡಿದ್ದು ಆಗಲೇ.

ಆಮೇಲೆ ಪಾಳಿ ಹಾಕಿದ್ವಿ. ಮೊದಲ ಎರಡು ತಾಸು ಡ್ವಾರ್ಫ್, ಎರಡನೇದು ಮಾಂತ್ರಿಕ. ಅವನು ಮುಖ ಊದಿಸಿಕೊಂಡೇ ಡೈಸ್ ಹಾಕಿದ, ಮೂರು ಬಿತ್ತು. ಅವನ ಹೇಸರಗತ್ತೆಯನ್ನ ಯಾರೋ ಹೊಡ್ಕೊಂಡು ಹೋದರು, ಹಗ್ಗ, ಬುತ್ತಿ, ಎಣ್ಣೆ ಎಲ್ಲ ಅದರ ಮೇಲೇ ಇತ್ತು. "ಹಾರೆ ಇದ್ದಿದ್ರೆ ಹಿಂಗಾಗ್ತಿರಲಿಲ್ಲ" ಅಂದ. ಆಗ್ತಿರಲಿಲ್ಲ, ಒಪ್ಪಿದೆ. ಡಿಎಂ ನನ್ನ ಕಡೆ ತಿರುಗಿ, ಈ ಹೊತ್ತಲ್ಲಿ ಹಾರೆ ಏನು ಮಾಡ್ತಿದ್ದಾರೆ ಅಂತ ಕೇಳಿದ. ಬೆಂಕಿ ಪಕ್ಕ ಒಂದು ಸೌದೆ ತುಂಡು ತಗೊಂಡು ಏನೋ ಕೆತ್ತುತ್ತಾ ಕೂತಿದಾರೆ ಅಂದೆ. ಏನು ಕೆತ್ತುತ್ತಿದಾರೆ ಅಂದ. ನನಗೆ ತಕ್ಷಣ ಹೊಳೆಯಲಿಲ್ಲ, ಮುಂದಿನ ವಾರ ಹೇಳ್ತೀನಿ ಅಂದೆ. ಮುಂದಿನ ಶನಿವಾರ ಮೊದಲು ಆ ಹೇಸರಗತ್ತೆ ಹುಡುಕಬೇಕು.