ಬ್ಯಾಟರಿಗೊಂದು ದಾರಿ ಬಿಡಿ

ಯಾವುದೇ ಸ್ಪೋರ್ಟ್ಸ್ ಕಾರಿನ ಬ್ರೋಷರ್ ತೆಗೆದು ನೋಡಿ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡ್ ಬೇಕು ಎಂಬುದು ಎದ್ದು ಕಾಣುವಂತೆ ಅಚ್ಚಾಗಿರುತ್ತದೆ, ಅದೂ ದಶಾಂಶದ ಲೆಕ್ಕದಲ್ಲಿ. ಬ್ಯಾಟರಿ ಬದಲಿಸಲು ಎಷ್ಟು ಹೊತ್ತು ಬೇಕು ಎಂಬುದು ಮಾತ್ರ ಯಾವ ಪುಟದಲ್ಲೂ ಸಿಗುವುದಿಲ್ಲ. ಆ ಸೆಕೆಂಡುಗಳನ್ನು ಬನಶಂಕರಿಯಿಂದ ಸಿಲ್ಕ್ ಬೋರ್ಡ್‌ವರೆಗಿನ ರಸ್ತೆಯಲ್ಲಿ ಪರೀಕ್ಷಿಸಿ ನೋಡುವ ಭಾಗ್ಯ ಯಾರಿಗೂ ಇಲ್ಲ. ಬ್ಯಾಟರಿ ಮಾತ್ರ ಮೂರ್ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಕೈಕೊಡುತ್ತದೆ.

ನಾನು ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ, ವಯಸ್ಸು ಇಪ್ಪತ್ತು. ಕಾರಿನ ಹುಚ್ಚು ಚಿಕ್ಕಂದಿನದು. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ನಿಂತ ಎರಡು ಬಾಗಿಲಿನ ಕಾರು ಕಂಡರೆ ಈಗಲೂ ಒಂದು ನಿಮಿಷ ನಿಂತು ನೋಡಿಯೇ ಮುಂದೆ ಹೋಗುತ್ತೇನೆ. ಹಾಗಾಗಿ ಇದು ಸ್ಪೋರ್ಟ್ಸ್ ಕಾರು ಕೊಳ್ಳುವವರ ಮೇಲಿನ ಹೊಟ್ಟೆಕಿಚ್ಚಿನ ಬರಹವಲ್ಲ. ನನ್ನ ತಕರಾರು ವಿನ್ಯಾಸ ಮಾಡುವವರ ಜೊತೆ, ಅಂದರೆ ನಾಳೆ ನಾವೇ ಆಗಲಿರುವವರ ಜೊತೆ. ಒಂದು ಭಾಗ ಸವೆದು ಹೋಗುವುದು ಖಂಡಿತ ಎಂದು ಮೊದಲ ದಿನವೇ ಗೊತ್ತಿದ್ದರೂ ಅದನ್ನು ಕೈ ತೂರದ ಜಾಗದಲ್ಲಿ ಇಡುತ್ತಾರೆ. ಇಟ್ಟವರು ಅದರ ಬೆಲೆ ತೆರುವುದಿಲ್ಲ. ಹಣದ ರೂಪದಲ್ಲಿ ಮಾಲೀಕ ತೆರುತ್ತಾನೆ, ಸೊಂಟನೋವಿನ ರೂಪದಲ್ಲಿ ಮೆಕ್ಯಾನಿಕ್ ತೆರುತ್ತಾನೆ.

ಬಚ್ಚಿಡುವುದಕ್ಕೆ ಕಾರಣಗಳೇ ಇಲ್ಲವೆಂದಲ್ಲ. ಅನೇಕ ಕಾರುಗಳ ಸೀಸ-ಆಮ್ಲದ ಬ್ಯಾಟರಿಯೇ ಹದಿನೈದು ಕೆ.ಜಿ. ದಾಟುತ್ತದೆ. ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಓಡಬೇಕಾದರೆ ಇಂಥ ಭಾರವೆಲ್ಲ ಆದಷ್ಟು ಕೆಳಗೆ, ನಡುವಿಗೆ ಹತ್ತಿರ ಇರಬೇಕು. ಮುಂದೆ ಎಂಜಿನ್ ಭಾರ ಹೆಚ್ಚಿದ್ದರೆ ಸರಿದೂಗಿಸಲು ಬ್ಯಾಟರಿಯನ್ನು ಹಿಂದಕ್ಕೆ ಕಳಿಸಬೇಕು. ಶಾಖವೂ ಒಂದು ಕಾರಣ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಎಂಜಿನ್ ಪಕ್ಕದಲ್ಲಿ ಬೇಯುವುದಕ್ಕಿಂತ ಡಿಕ್ಕಿಯಲ್ಲಿ ತಣ್ಣಗಿರುವುದು ಒಳ್ಳೆಯದೇ. ಹಳೆಯ ಮಾಜ್ದಾ ಎಂಎಕ್ಸ್-5 ಕಾರಿನಲ್ಲಿ ಬ್ಯಾಟರಿ ಡಿಕ್ಕಿಗೆ ಹೋದದ್ದು ತೂಕದ ಲೆಕ್ಕದಿಂದಲೇ. ಹಾಗೆ ಮುಚ್ಚಿದ ಜಾಗದಲ್ಲಿಟ್ಟಾಗ ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಒಳಗೆ ಸೇರದಂತೆ ಹೊರಕ್ಕೊಂದು ಸಣ್ಣ ಕೊಳವೆ ಬೇಕು. ಹೊಸ ಬ್ಯಾಟರಿ ಹಾಕಿದವರು ಅದನ್ನು ಮತ್ತೆ ಸಿಕ್ಕಿಸುವುದನ್ನು ಮರೆಯಬಾರದು.

ಇಷ್ಟು ಒಪ್ಪಿಕೊಳ್ಳಬಹುದು. ಆದರೆ 1984ರಿಂದ 1996ರವರೆಗೆ ತಯಾರಾದ ನಾಲ್ಕನೇ ತಲೆಮಾರಿನ ಷೆವರ್ಲೆ ಕಾರ್ವೆಟ್ ನೋಡಿ. ಅದರ ಬ್ಯಾಟರಿ ಎಡ ಮುಂಚಕ್ರದ ಹಿಂದೆ, ಫೆಂಡರ್ ಒಳಗಿದೆ. ಬಣ್ಣ ಬಳಿದ ಪಕ್ಕದ ಫಲಕವನ್ನೇ ಬಿಚ್ಚಿ ಅದನ್ನು ಎಳೆಯಬೇಕು. ಕ್ರೈಸ್ಲರ್ ಸೀಬ್ರಿಂಗ್‌ನಲ್ಲಂತೂ ಚಕ್ರವನ್ನೇ ಕಳಚಿ, ಒಳಗಿನ ಪ್ಲಾಸ್ಟಿಕ್ ತಡಿಕೆ ತೆಗೆಯಬೇಕು. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್‌ನದು ಇನ್ನೊಂದು ಬಗೆ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಕೈಗೆ ಸುಲಭವಾಗಿಯೇ ಸಿಗುತ್ತದೆ. ಆದರೆ ಅನೇಕ ವರ್ಷಗಳ ಮಾಡೆಲ್‌ಗಳಲ್ಲಿ ಆ ಡಿಕ್ಕಿಯ ಬೀಗ ತೆರೆಯುವುದೇ ವಿದ್ಯುತ್ತಿನಿಂದ. ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗಾಯಿತು. ಕಂಪನಿಯವರು ಇದಕ್ಕೊಂದು ಉಪಾಯ ಇಟ್ಟಿದ್ದಾರೆ, ನಿಜ: ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಿಂದ ಹೊರಗೆಳೆಯಬಹುದಾದ ಒಂದು ಟರ್ಮಿನಲ್. ಅದಕ್ಕೆ ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಬೀಗ ತೆರೆಯುತ್ತದೆ. ಆದರೆ ಈ ಉಪಾಯ ಮಾಲೀಕರ ಕೈಪಿಡಿ ಓದಿದವರಿಗೆ ಗೊತ್ತಿರಬೇಕಷ್ಟೆ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಕೈಪಿಡಿ ಬಂದದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಇದರಲ್ಲಿ ದೊಡ್ಡ ವ್ಯಂಗ್ಯವೊಂದಿದೆ. ಬ್ಯಾಟರಿ ಬೇಗ ಕೆಡುವುದು ನಿಂತೇ ಇರುವ ಕಾರಿನಲ್ಲಿ, ಊರಿನಲ್ಲಿ ಅತಿ ಹೆಚ್ಚು ನಿಂತಿರುವುದೂ ಸ್ಪೋರ್ಟ್ಸ್ ಕಾರೇ. ಭಾನುವಾರ ಬೆಳಿಗ್ಗೆ ಐದಕ್ಕೆ ಕನಕಪುರ ರಸ್ತೆಯಲ್ಲೋ ನೈಸ್ ರಸ್ತೆಯಲ್ಲೋ ಒಂದು ಸುತ್ತು, ಅಷ್ಟೇ. ಉಳಿದ ಹೊತ್ತಿನಲ್ಲಿ ಅಲಾರಂ, ಬೀಗ, ಗಡಿಯಾರ ಎಲ್ಲ ಸೇರಿ ಸುಮ್ಮನೆ ಕರೆಂಟ್ ಕುಡಿಯುತ್ತಿರುತ್ತವೆ. 50 ಮಿಲಿ ಆಂಪಿಯರ್ ಎಂದುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. ಬ್ಯಾಟರಿ 60 ಆಂಪಿಯರ್-ಅವರ್‌ನದಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ! ಮಳೆಗಾಲದಲ್ಲಿ ಎರಡು ತಿಂಗಳು ಹೊರಗೆ ತೆಗೆಯದಿದ್ದರೆ ಕತೆ ಮುಗಿಯಿತು. ಅಂದರೆ ಬ್ಯಾಟರಿಯ ಬಳಿಗೆ ಪದೇ ಪದೇ ಹೋಗಬೇಕಾದ ಕಾರಿನಲ್ಲೇ ಅದನ್ನು ಅತಿ ದೂರ ಇಟ್ಟಿದ್ದಾರೆ.

ಕಳೆದ ರಜೆಯಲ್ಲಿ ಬನಶಂಕರಿ ಎರಡನೇ ಹಂತದ ಒಂದು ಸಣ್ಣ ಗ್ಯಾರೇಜಿಗೆ ಕೆಲಸ ನೋಡಿ ಕಲಿಯಲು ಹೋಗುತ್ತಿದ್ದೆ. ಅಲ್ಲಿಗೊಂದು ಹಳೆಯ ಎರಡು ಸೀಟಿನ ವಿದೇಶಿ ಕಾರು ಟೋ ಆಗಿ ಬಂತು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಅದರ ಬ್ಯಾಟರಿ ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗಿತ್ತು. ಮೊದಲ ಸಮಸ್ಯೆ ಬಾಗಿಲಿನದು. ಇಂಥ ಕಾರುಗಳ ಬಾಗಿಲ ಗಾಜಿಗೆ ಚೌಕಟ್ಟು ಇರುವುದಿಲ್ಲ. ಹಿಡಿಕೆ ಎಳೆದ ಕೂಡಲೇ ಗಾಜು ತಾನಾಗಿ ಒಂದು ಬೆರಳಿನಷ್ಟು ಇಳಿದರೆ ಮಾತ್ರ ಬಾಗಿಲು ಸಲೀಸಾಗಿ ತೆರೆಯುತ್ತದೆ. ಕರೆಂಟ್ ಇಲ್ಲದಿದ್ದರೆ ಗಾಜು ಇಳಿಯುವುದಿಲ್ಲ, ಜೋರು ಮಾಡಿದರೆ ರಬ್ಬರ್ ಕಿತ್ತುಬರುತ್ತದೆ. ಅಣ್ಣ (ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಹಾಗೇ ಕರೆಯುವುದು) ಅಂಗೈಯಿಂದ ಗಾಜನ್ನು ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದು, ಬಾಗಿಲು ತೆರೆದು ಬೋನೆಟ್ ಎತ್ತಿದರು. ಆಮೇಲೆ ವೈಪರ್ ತೋಳುಗಳು, ಅವುಗಳ ಕೆಳಗಿನ ಪ್ಲಾಸ್ಟಿಕ್ ಹೊದಿಕೆ, ಅದರ ಕ್ಲಿಪ್ಪುಗಳು. ಹದಿನೈದು ವರ್ಷ ಬಿಸಿಲುಂಡ ಪ್ಲಾಸ್ಟಿಕ್, ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಮುರಿದ ಕ್ಲಿಪ್ಪಿಗೆ ಹೊಂದುವಂಥದ್ದನ್ನು ಹುಡುಕಲು ಹುಡುಗನನ್ನು ಜೆ.ಸಿ. ರಸ್ತೆಗೆ ಕಳಿಸಿದ್ದಾಯಿತು.

"ಬ್ಯಾಟರಿ ಸತ್ತಿದ್ದಕ್ಕೆ ಬೇಜಾರಿಲ್ಲ ಕಣಪ್ಪ, ಅದನ್ನ ಹೂತಿರೋ ಜಾಗ ನೋಡಿದ್ರೆ ಬೇಜಾರಾಗುತ್ತೆ," ಎಂದರು ಅಣ್ಣ.

ಕೆಲಸದ ಕ್ರಮ ಮಾತ್ರ ಎಲ್ಲ ಕಾರಿನಂತೆಯೇ. ಮೊದಲು ನೆಗೆಟಿವ್ ಬಿಚ್ಚಬೇಕು. ಕಾರಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿರುವುದರಿಂದ, ಪಾಸಿಟಿವ್ ಮೇಲಿರುವ ಪಾನಾ ಅಪ್ಪಿತಪ್ಪಿ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಬಿಚ್ಚಿದ್ದರೆ ಆ ಭಯವಿಲ್ಲ. ಜೋಡಿಸುವಾಗ ನೆಗೆಟಿವ್ ಕೊನೆಗೆ. ವ್ಯತ್ಯಾಸವಿದ್ದದ್ದು ಎತ್ತುವುದರಲ್ಲಿ. ಹದಿನೆಂಟು ಕೆ.ಜಿ.ಯ ಪೆಟ್ಟಿಗೆಯನ್ನು ತೋಳು ಪೂರ್ತಿ ಚಾಚಿ, ಬಾಗಿ, ಓರೆ ಮಾಡದೆ ಮೇಲಕ್ಕೆ ತರಬೇಕು. ಮೈಗೆ ಹತ್ತಿರ ಹಿಡಿದ ಹದಿನೆಂಟು ಕೆ.ಜಿ. ಬೇರೆ, ಒಂದು ಗಜ ದೂರ ಚಾಚಿದ ಹದಿನೆಂಟು ಕೆ.ಜಿ. ಬೇರೆ, ಮೊದಲ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ಓದಿದವರು ಸೊಂಟದ ಮೇಲೆ ಬೀಳುವ ಹೊರೆಯನ್ನು ತಾವೇ ಲೆಕ್ಕ ಹಾಕಬಹುದು. ಎಲ್ಲ ಮುಗಿದ ಮೇಲೆ ಹೊಸ ಬ್ಯಾಟರಿ ಬಂದಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳಬೇಕಿತ್ತು. ಹೇಳದಿದ್ದರೆ ಹಳೆಯದೇ ಇದೆ ಎಂದುಕೊಂಡು ತಪ್ಪಾಗಿ ಚಾರ್ಜ್ ಮಾಡುತ್ತದೆ. ಅದಕ್ಕಾಗಿ ವಿಲ್ಸನ್ ಗಾರ್ಡನ್‌ನಿಂದ ಸ್ಕ್ಯಾನರ್ ಇರುವ ಇನ್ನೊಬ್ಬರು ಬಂದರು. ಮಾಮೂಲಿ ಹ್ಯಾಚ್‌ಬ್ಯಾಕ್‌ನಲ್ಲಿ ಕಾಲು ಗಂಟೆಯ ಕೆಲಸ ಇಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಹಿಡಿಯಿತು. ಕಾರಿನವರು ಕೂಲಿ ಜಾಸ್ತಿಯಾಯಿತೆಂದು ಗೊಣಗಿದರು. ನನಗೆ ಕಡಿಮೆಯಾಯಿತು ಅನ್ನಿಸಿತು.

ಬೇರೆ ದಾರಿ ಇರಲಿಲ್ಲವೇ? ನಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. 2001ರಲ್ಲಿ ಮಾರುಕಟ್ಟೆಗೆ ಬಂದ, ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಎಲೆಕ್ಟ್ರಿಕ್ ಕಾರು. ಅದರ ಎಂಟು ಬ್ಯಾಟರಿಗಳು, ಒಂದೊಂದೂ 6 ವೋಲ್ಟ್, ಒಟ್ಟು 48 ವೋಲ್ಟ್, ಇದ್ದದ್ದು ಮುಂದಿನ ಸೀಟುಗಳ ಕೆಳಗೆ. ಆಟಿಕೆಯಂಥ ಕಾರು ಎಂದು ಎಷ್ಟೋ ಜನ ನಕ್ಕರು. ಆದರೆ ಆ ಜಾಗವನ್ನು ಗಮನಿಸಿ: ತಗ್ಗಿನಲ್ಲಿ, ಕಾರಿನ ನಟ್ಟನಡುವೆ. ಸ್ಪೋರ್ಟ್ಸ್ ಕಾರಿನ ವಿನ್ಯಾಸಕಾರ ಭಾರವನ್ನು ಎಲ್ಲಿ ಬಯಸುತ್ತಾನೋ ಅಲ್ಲೇ. ಆದರೂ ಸೀಟು ತೆಗೆದರೆ ಬ್ಯಾಟರಿ ಕಣ್ಣೆದುರಿಗೆ. ಡಿಸ್ಟಿಲ್ಡ್ ವಾಟರ್ ಹಾಕಬೇಕಾದ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ಸೀಸದ ಬ್ಯಾಟರಿಗಳು ಎಂಬುದು ವಿನ್ಯಾಸ ಮಾಡಿದವರ ತಲೆಯಲ್ಲಿತ್ತು. ಇದೇ ಕಂಪನಿ 2009ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಷೋನಲ್ಲಿ ಎನ್‌ಎಕ್ಸ್‌ಜಿ ಎಂಬ ಎರಡು ಸೀಟಿನ ಚೆಲುವಾದ ಕಾರನ್ನೂ ತೋರಿಸಿತ್ತು, ದಿಲೀಪ್ ಛಾಬ್ರಿಯಾ ವಿನ್ಯಾಸ. ಮರುವರ್ಷ ಕಂಪನಿ ಮಹೀಂದ್ರಾ ಪಾಲಾಯಿತು, ಆ ಕಾರು ರಸ್ತೆಗೆ ಬರಲೇ ಇಲ್ಲ. ನನಗೆ ಅದೊಂದು ಸಣ್ಣ ಸಂಕಟ.

ಬೆಂಗಳೂರಿನದೇ ಅಲ್ಟ್ರಾವಯಲೆಟ್ ಎಫ್77 ಬೈಕ್ ಇದರ ಉಲ್ಟಾ ದಾರಿ ಹಿಡಿಯಿತು. 2019ರಲ್ಲಿ ಮೊದಲು ತೋರಿಸಿದಾಗ ಅದಕ್ಕೆ ಹೊರಗೆ ತೆಗೆಯಬಹುದಾದ ಮೂರು ಬ್ಯಾಟರಿಗಳಿದ್ದವು. 2022ರಲ್ಲಿ ಮಾರಾಟಕ್ಕೆ ಬಂದಾಗ ಬ್ಯಾಟರಿ ಬೈಕಿನೊಳಗೇ ಖಾಯಂ ಆಗಿತ್ತು, ಸಾಮರ್ಥ್ಯವೂ ಬಹಳ ಹೆಚ್ಚಾಗಿತ್ತು. ಹೆಚ್ಚು ದೂರ, ಹೆಚ್ಚು ಬಿಗಿ. ಎಂಜಿನಿಯರ್ ಆಗಿ ನನಗೆ ಆ ಆಯ್ಕೆ ಅರ್ಥವಾಗುತ್ತದೆ. ಆದರೆ ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಮೂರನೇ ಮಹಡಿಯಲ್ಲಿರುವ, ಕೆಳಗೆ ಪ್ಲಗ್ ಪಾಯಿಂಟ್ ಇಲ್ಲದ ನನ್ನ ಗೆಳೆಯನಿಗೆ ಬೇಕಾಗಿದ್ದದ್ದು 2019ರ ಬೈಕು.

ವೇಗಕ್ಕಾಗಿ ಬ್ಯಾಟರಿ ಬಚ್ಚಿಡಲೇಬೇಕು ಎನ್ನುವವರಿಗೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳ ನಿಯಮ ತೋರಿಸಬೇಕು. ಕೊಯಮತ್ತೂರಿನ ಕಾರಿ ಟ್ರ್ಯಾಕ್‌ನಲ್ಲಿ ನಡೆಯುವ ಫಾರ್ಮುಲಾ ಭಾರತ್‌ಗೆ ನಮ್ಮ ಊರಿನ ಕಾಲೇಜು ತಂಡಗಳೂ ಹೋಗುತ್ತವೆ. ಅಲ್ಲಿ ಎಲೆಕ್ಟ್ರಿಕ್ ರೇಸ್ ಕಾರಿನ ಬ್ಯಾಟರಿ ಪೆಟ್ಟಿಗೆಯನ್ನು ಕಾರಿನಿಂದ ಹೊರಗೆ ತೆಗೆದು, ತಳ್ಳುಗಾಡಿಯ ಮೇಲಿಟ್ಟೇ ಚಾರ್ಜ್ ಮಾಡಬೇಕು. ಸುರಕ್ಷತೆಗಾಗಿ ಮಾಡಿದ ನಿಯಮ. ಆದರೆ ಅದರಿಂದಾಗಿ ಇಪ್ಪತ್ತರ ಹುಡುಗ ಹುಡುಗಿಯರು ಮೊದಲ ಗೆರೆ ಎಳೆಯುವಾಗಲೇ ಬ್ಯಾಟರಿ ಹೊರಬರುವ ದಾರಿಯನ್ನು ಯೋಚಿಸುತ್ತಾರೆ. ವಿದ್ಯಾರ್ಥಿಗಳಿಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಬಂಡವಾಳದ ಕಂಪನಿಗಳಿಗೆ ಕಷ್ಟವೇ? ನಿಯಮ ಇಲ್ಲದಿರುವುದರಿಂದ ಮಾಡುವುದಿಲ್ಲ, ಅಷ್ಟೇ.

ನಿಯಮದ ಮಾತು ಶುರುವಾಗಿದೆ, ಕಾರಿನವರೆಗೆ ಇನ್ನೂ ಬಂದಿಲ್ಲ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ಕಾನೂನಿನಂತೆ 2027ರ ಫೆಬ್ರುವರಿಯಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ, ಇ-ಸೈಕಲ್‌ನಂಥ ವಾಹನಗಳದನ್ನು ಹೊರಗಿನ ಮೆಕ್ಯಾನಿಕ್ ಬಿಚ್ಚಿ ಬದಲಿಸುವಂತಿರಬೇಕು. ಕಾರುಗಳಿಗೆ ಇದು ಅನ್ವಯಿಸುವುದಿಲ್ಲ. ಫ್ರಾನ್ಸ್ 2021ರಲ್ಲಿ ಫೋನ್, ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್‌ಗಳಿಗೆ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಕೊಡುವ ಪದ್ಧತಿ ಶುರು ಮಾಡಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದರಲ್ಲಿ ವಾಹನಗಳನ್ನೂ ಸೇರಿಸಿತು. ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ಬಂತು. ಪೋರ್ಟಲ್‌ನಿಂದ ಬೋಲ್ಟ್ ಸಡಿಲವಾಗುವುದಿಲ್ಲ. ಪ್ರತಿ ಕಾರಿನ ಬ್ರೋಷರ್‌ನಲ್ಲಿ ಒಂದು ಸಾಲು ಕಡ್ಡಾಯ ಮಾಡಲಿ: ಬ್ಯಾಟರಿ ಬದಲಿಸಲು ಇಷ್ಟು ನಿಮಿಷ, ಇಂತಿಂಥ ಪಾನಾ, ಸ್ಕ್ಯಾನರ್ ಬೇಕು ಅಥವಾ ಬೇಡ. ತಮ್ಮ ವರ್ಕ್‌ಶಾಪ್‌ಗಳ ಕೂಲಿ ಲೆಕ್ಕ ಹಾಕಲು ಕಂಪನಿಗಳು ಪ್ರತಿ ಕೆಲಸಕ್ಕೂ ಇಷ್ಟು ಹೊತ್ತು ಎಂದು ನಿಗದಿ ಮಾಡಿಯೇ ಇರುತ್ತವೆ. ಹೊಸದಾಗಿ ಅಳೆಯಬೇಕಾದದ್ದೇನೂ ಇಲ್ಲ.

ಆ ಸಾಲು ಬರುವವರೆಗೆ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಹೋಗುವವರು ಎಂಜಿನ್ ಸದ್ದು ಕೇಳುವ ಮೊದಲೇ ಕೇಳಬಹುದು, "ಸಾರ್, ಇದರ ಬ್ಯಾಟರಿ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?" ಎಂದು. ತೋರಿಸಲು ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿಕೊಳ್ಳಿ.