ದಾರಿಯ ಬುತ್ತಿ

ನಮ್ಮ ಹಿರಿಯರು ಪ್ರಯಾಣ ಹೊರಡುವಾಗ ಮೊದಲು ಬುತ್ತಿ ಕಟ್ಟುತ್ತಿದ್ದರು. ಅವಲಕ್ಕಿಯೋ ಮೊಸರನ್ನವೋ ಚಟ್ನಿಪುಡಿಯೋ ಗಂಟಿನಲ್ಲಿ ಸೇರಿದ ಮೇಲೆಯೇ ಗಾಡಿಗೆ ಎತ್ತು ಹೂಡುವುದು. ಈ ವಾರ ನಾನು ಹೇಳಹೊರಟಿರುವುದೂ ಒಂದು ಬುತ್ತಿಯ ಕಥೆಯೇ. ಆದರೆ ಈ ಬುತ್ತಿಯಲ್ಲಿದ್ದುದು ಅನ್ನವಲ್ಲ, ವಿದ್ಯುತ್ತು. ಅದನ್ನು ಕಟ್ಟಿದವರು ನನ್ನ ಭಾವ. ಅದು ಬರಿದಾದಾಗ ಬವಣೆಪಟ್ಟವರು ನಾವು ನಾಲ್ವರು. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಬ್ಯಾಟರಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ನಡುರಾತ್ರಿಯ ಕತ್ತಲಲ್ಲಿ ತಾಯಿಯ ಉಸಿರನ್ನು ಎಣಿಸುತ್ತ ಕುಳಿತವನಿಗೆ ಆ ಉಸಾಬರಿ ತಾನಾಗಿಯೇ ಅಂಟಿಕೊಳ್ಳುತ್ತದೆ.

ನನ್ನ ಅಕ್ಕ ಮತ್ತು ಭಾವ ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿದ್ದಾರೆ. ಕಳೆದ ಏಪ್ರಿಲ್ ತಿಂಗಳ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಭಾವನವರ ಮನೆಯ ಅಂಗಳದಲ್ಲಿ ಒಂದು ‘ಟ್ರಾವೆಲ್ ಟ್ರೈಲರ್’ ನಿಂತಿದೆ. ಇದು ಚಕ್ರದ ಮೇಲಿನ ಪುಟ್ಟ ಮನೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ತಂಗಳು ಪೆಟ್ಟಿಗೆ, ಸ್ನಾನದ ಮೂಲೆ, ಎಲ್ಲವೂ ಅದರೊಳಗಿವೆ. ಎಂಜಿನ್ ಮಾತ್ರ ಇಲ್ಲ. ಟ್ರಕ್ಕಿನ ಹಿಂಭಾಗಕ್ಕೆ ಅದರ ಮೂಗನ್ನು ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಅಮೆರಿಕನ್ನರಿಗೆ ಈ ಹುಚ್ಚು ಇಂದಿನದಲ್ಲ. 1919ರಷ್ಟು ಹಿಂದೆಯೇ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂತಹ ಅಲೆಮಾರಿಗಳು ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಕಟ್ಟಿಕೊಂಡಿದ್ದರು.

ಹೀಗೆ ಹೊರಟವರು ತಂಗುವುದು ಎರಡು ಬಗೆ. ಹಣ ತೆತ್ತು, ನೀರು, ವಿದ್ಯುತ್ತುಗಳ ಸೌಕರ್ಯವಿರುವ ಬಿಡಾರದಲ್ಲಿ ನಿಲ್ಲುವುದು ಒಂದು. ಯಾವ ತಂತಿಯೂ ಕೊಳಾಯಿಯೂ ಇಲ್ಲದ ಸರಕಾರಿ ಕಾಡಿನಲ್ಲೋ ಮರುಭೂಮಿಯಲ್ಲೋ ಬೀಡುಬಿಡುವುದು ಇನ್ನೊಂದು. ಈ ಎರಡನೆಯದಕ್ಕೆ ಅಲ್ಲಿ ‘ಬೂನ್‌ಡಾಕಿಂಗ್’ ಎನ್ನುತ್ತಾರೆ. ಭಾಷೆಯ ಮೇಷ್ಟರಾದ ನನಗೆ ಈ ಮಾತಿನ ಮೂಲವನ್ನು ಹುಡುಕದೆ ನಿದ್ದೆ ಬಾರದು. ಫಿಲಿಪೀನ್ಸ್ ದ್ವೀಪಗಳ ಟಗಾಲಾಗ್ ಭಾಷೆಯಲ್ಲಿ ‘ಬುಂಡೊಕ್’ ಎಂದರೆ ಬೆಟ್ಟ. ಅಲ್ಲಿಗೆ ಹೋದ ಅಮೆರಿಕದ ಸೈನಿಕರು ಈ ಮಾತನ್ನು ಕೊಂಡುತಂದು, ಜನವಿಲ್ಲದ ಕಾಡುಮೇಡಿಗೆಲ್ಲ ಅದೇ ಹೆಸರಿಟ್ಟರು. ನಮ್ಮ ‘ಮಲೆ’ ಎಂಬ ಮಾತಿನಲ್ಲಿಯೂ ಬೆಟ್ಟ ಕಾಡುಗಳೆರಡೂ ಕೂಡಿಕೊಂಡಿವೆಯಷ್ಟೆ! ಜಗತ್ತಿನ ಎರಡು ಮೂಲೆಗಳಲ್ಲಿ ಮನುಷ್ಯನ ಮನಸ್ಸು ಒಂದೇ ಹಾದಿಯನ್ನು ಹಿಡಿಯುವುದನ್ನು ಕಂಡು ನನಗೆ ಸಂತೋಷವಾಯಿತು.

ಈ ಸಂತೋಷದಲ್ಲಿಯೇ ನಾವು ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರವನ್ನು ನೋಡಲು ಹೊರಟೆವು. ದಾರಿ ಸುಮಾರು 370 ಕಿಲೋಮೀಟರು. ರಾತ್ರಿ ತಂಗಲು ಕಂದರದ ದಕ್ಷಿಣ ಅಂಚಿಗೆ ಹತ್ತಿರದ ಕೈಬಾಬ್ ರಾಷ್ಟ್ರೀಯ ಅರಣ್ಯವೆಂದು ಗೊತ್ತಾಯಿತು. ಅಲ್ಲಿ ಬಾಡಿಗೆಯಿಲ್ಲದೆ ಹದಿನಾಲ್ಕು ದಿನಗಳವರೆಗೆ ಬೀಡುಬಿಡಬಹುದು.

ಅಮ್ಮನಿಗೆ ಎಪ್ಪತ್ತೊಂದು ವರ್ಷ. ನಿದ್ದೆಯಲ್ಲಿ ಉಸಿರು ಆಗಾಗ ನಿಂತುಹೋಗುವ ತೊಂದರೆ ಅವರಿಗೆ ಆರು ವರ್ಷಗಳಿಂದ ಇದೆ. ಮೂಗಿಗೆ ಮುಸುಕು ಹಾಕಿ ಗಾಳಿಯನ್ನು ಒತ್ತಿಕೊಡುವ ‘ಸಿಪ್ಯಾಪ್’ ಯಂತ್ರವಿಲ್ಲದೆ ಅವರು ಮಲಗುವಂತಿಲ್ಲ. ಹೊರಡುವ ಮುನ್ನ ಭಾವನವರನ್ನು ನಾನು ಕೇಳಿದ ಪ್ರಶ್ನೆ ಅದೊಂದೇ: “ಭಾವ, ಅಮ್ಮನ ಯಂತ್ರಕ್ಕೆ ಕರೆಂಟು?”

ಭಾವ ನಕ್ಕರು. “ಅದಕ್ಕೆಂದೇ ಹಳೆಯ ಸೀಸದ ಬ್ಯಾಟರಿಯನ್ನು ತೆಗೆದು ಈ ಬೆಳಗ್ಗೆ ಲಿಥಿಯಂ ಬ್ಯಾಟರಿ ಹಾಕಿದ್ದೇನೆ. ಬಂದಾಗ ಅರ್ಧ ತುಂಬಿತ್ತು. ಉಳಿದ ಅರ್ಧವನ್ನು ದಾರಿಯಲ್ಲಿ ಟ್ರಕ್ಕೇ ತುಂಬುತ್ತದೆ,” ಎಂದರು.

ಅವರ ಉತ್ಸಾಹ ಕಾರಣವಿಲ್ಲದ್ದಲ್ಲ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. ಗಟ್ಟಿಯಾದ ವಸ್ತು, ಆದರೆ 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಮೂವತ್ತು ಕಿಲೋಗ್ರಾಮಿನಷ್ಟು ತೂಗುತ್ತದೆ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು. ಟ್ರೈಲರುಗಳಿಗೆ ಈಗ ಹಾಕುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಅದರ ಅರ್ಧದಷ್ಟೂ ತೂಗುವುದಿಲ್ಲ. ತುಂಬಿದ್ದನ್ನು ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಕ್ಕೆ ಕೊಡುತ್ತದೆ. ಸಾವಿರಾರು ಬಾರಿ ತುಂಬಿ ಬರಿದುಮಾಡಿದರೂ ಸವೆಯುವುದು ಸ್ವಲ್ಪವೇ. ಈ ವಸ್ತುವಿನ ಗುಣವನ್ನು 1997ರಲ್ಲಿ ಮೊದಲು ಪ್ರಕಟಿಸಿದವರು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಮೂವರು: ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್. ಮೂರನೆಯವರಿಗೆ ಲಿಥಿಯಂ ಬ್ಯಾಟರಿಗಳ ಬೆಳವಣಿಗೆಗಾಗಿ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ನನ್ನ ಕಣ್ಣು ನಿಂತದ್ದು ನಡುವಿನ ಹೆಸರಿನ ಮೇಲೆ. ನಂಜನ್ನು ಉಂಡವನು ನಂಜುಂಡ! ಸೀಸದ ವಿಷವನ್ನು ಬಿಟ್ಟ ಬ್ಯಾಟರಿಯ ತೊಟ್ಟಿಲಿನ ಬಳಿ ಈ ಹೆಸರಿನವರೊಬ್ಬರು ನಿಂತಿದ್ದುದು ನನಗೆ ಶುಭಶಕುನವೆಂದೇ ತೋರಿತು.

ಶಕುನವನ್ನು ನಂಬಿ ಕಾಡು ಸೇರಿದೆವು. ಎತ್ತರದ ಪಾಂಡರೋಸಾ ಪೈನ್ ಮರಗಳು, ನೆಲದ ಮೇಲೆ ಒಣ ಸೂಜಿಯೆಲೆಗಳ ಹಾಸು, ಮನುಷ್ಯರ ಸದ್ದಿಲ್ಲದ ಸಂಜೆ. ದೂರದಲ್ಲಿ ಮತ್ತೊಂದು ಟ್ರೈಲರು ಮಾತ್ರ ಕಾಣುತ್ತಿತ್ತು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರವಾದುದರಿಂದ ಹೊತ್ತು ಮುಳುಗುತ್ತಲೇ ಚಳಿ ಇಳಿಯಿತು. ಟ್ರೈಲರಿನ ಗೋಡೆಯಲ್ಲಿ ಬ್ಯಾಟರಿಯ ಸ್ಥಿತಿಯನ್ನು ತೋರಿಸುವ ನಾಲ್ಕು ಪುಟ್ಟ ದೀಪಗಳಿವೆ. ಭಾವ ಗುಂಡಿ ಒತ್ತಿದರು. ನಾಲ್ಕೂ ಬೆಳಗಿದವು. “ನೋಡಿ ಅತ್ತೆ, ಪೂರ್ತಿ ತುಂಬಿದೆ,” ಎಂದರು. ಅಮ್ಮ ಮುಸುಕು ಹಾಕಿಕೊಂಡು ಮಲಗಿದರು. ಅನಿಲದ ಕುಲುಮೆ ಬಿಸಿಗಾಳಿಯನ್ನು ಊದತೊಡಗಿತು.

ರಾತ್ರಿ ಎರಡು ಗಂಟೆಯ ಸುಮಾರಿಗೆ ನನಗೆ ಎಚ್ಚರವಾಯಿತು. ಎಚ್ಚರಿಸಿದ್ದು ಸದ್ದಲ್ಲ, ಸದ್ದು ನಿಂತುಹೋದದ್ದು. ಕುಲುಮೆಯ ಪಂಕವಿಲ್ಲ, ತಂಗಳು ಪೆಟ್ಟಿಗೆಯ ಗುನುಗಿಲ್ಲ, ಅಮ್ಮನ ಯಂತ್ರದ ಸುಯ್ಲಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ. ಅಕ್ಕ ಕೈದೀಪ ಹಿಡಿದು ಬರುವಷ್ಟರಲ್ಲಿ ಅಮ್ಮ ಎದ್ದು ಕುಳಿತು, ಮುಸುಕನ್ನು ಕಿತ್ತು, ಏದುಸಿರು ಬಿಡುತ್ತಿದ್ದರು. “ಗಾಬರಿಯಾಗಬೇಡಿ ಕಣ್ರೋ. ನಾನು ಮಲಗುವುದಿಲ್ಲ, ಹೀಗೇ ಕೂತಿರುತ್ತೇನೆ,” ಎಂದರು. ಆದರೆ ದಣಿದ ಕಣ್ಣುಗಳು ಮುಚ್ಚುತ್ತಿದ್ದವು. ಮುಚ್ಚಿದೊಡನೆ ಗಂಟಲಿನಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮತ್ತೆ ಬೆಚ್ಚಿ ಏಳುತ್ತಿದ್ದರು.

ಭಾವ ಹೊರಗೋಡಿ ಟ್ರಕ್ಕನ್ನು ಚಾಲೂ ಮಾಡಿದರು. ಅರ್ಧ ಗಂಟೆ ಕಾದರೂ ಟ್ರೈಲರಿಗೆ ಜೀವ ಬರಲಿಲ್ಲ. ಹೊರಗೆ ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಕೆಳಗಿನ ಶೀತ. ಕೊನೆಗೆ ಅಕ್ಕನಿಗೆ ಹೊಳೆಯಿತು. ಟ್ರಕ್ಕಿನೊಳಗೇ ಮನೆಯ ಮಾದರಿಯ ಒಂದು ಸಾಕೆಟ್ಟು ಇತ್ತು. ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿನ ಮುಂದಿನ ಆಸನದಲ್ಲಿ ಒರಗಿಸಿ, ಯಂತ್ರವನ್ನು ಅಲ್ಲಿ ಸಿಕ್ಕಿಸಿದೆವು. ಅದು ಸುಯ್ಯೆಂದು ಉಸಿರಾಡತೊಡಗಿತು, ಅಮ್ಮನೂ ಉಸಿರಾಡಿದರು. ಕಿಟಕಿಯನ್ನು ಬೆರಳಗಲ ತೆರೆದು, ಬೆಳಗಾಗುವವರೆಗೂ ನಾನು ಪಕ್ಕದಲ್ಲಿ ಕುಳಿತಿದ್ದೆ. ತುಂಬಿದ ಹೊಳೆ ಇಲ್ಲಿ ಹರಿಯುತ್ತಿದ್ದರೂ ನಾಲ್ಕು ಮಾರು ದೂರದ ಹೊಲ ಒಣಗಿದ್ದೇಕೆ? ಆ ಇರುಳೆಲ್ಲ ಇದೊಂದೇ ಯೋಚನೆ.

ಉತ್ತರ ದೊರೆತದ್ದು ಬೆಳಗ್ಗೆ. ದೂರದ ಟ್ರೈಲರಿನಲ್ಲಿದ್ದವರು ಒಬ್ಬ ನಿವೃತ್ತ ಎಲೆಕ್ಟ್ರೀಷಿಯನ್. ನಮ್ಮ ಸ್ಥಿತಿಯನ್ನು ಕಂಡು ತಮ್ಮ ಜನರೇಟರನ್ನು ತಂದು ಕೊಟ್ಟರು. ಬಿಸಿಲೇರಿ ಬ್ಯಾಟರಿಯ ಮೈ ಬೆಚ್ಚಗಾದ ಮೇಲೆ ಅದು ತುಂಬತೊಡಗಿತು. ಕಾಫಿ ಕುಡಿಯುತ್ತ ಅವರು ನಮ್ಮ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿದರು.

ಮೊದಲನೆಯದು ತಂತಿ. ಟ್ರಕ್ಕಿನಿಂದ ಟ್ರೈಲರಿಗೆ ವಿದ್ಯುತ್ತು ಬರುವುದು ಏಳು ಮುಳ್ಳಿನ ಒಂದು ಕೊಂಡಿಯ ಮೂಲಕ. ಅದರಲ್ಲಿನ ತಂತಿ ತೆಳು, ದಾರಿ ಉದ್ದ. ಲಿಥಿಯಂ ಬ್ಯಾಟರಿ ಚೆನ್ನಾಗಿ ತುಂಬಬೇಕಾದರೆ 14.4 ವೋಲ್ಟಿನಷ್ಟು ಒತ್ತಡ ಬೇಕು. ಈಗಿನ ಟ್ರಕ್ಕುಗಳ ಆಲ್ಟರ್ನೇಟರ್ ಇಂಧನ ಉಳಿಸುವುದಕ್ಕಾಗಿ, ತನ್ನ ಬ್ಯಾಟರಿ ತುಂಬಿದೊಡನೆ ಒತ್ತಡವನ್ನು ಇಳಿಸಿಬಿಡುತ್ತದೆ. ಅರ್ಧ ತುಂಬಿದ ಲಿಥಿಯಂ ಬ್ಯಾಟರಿಯ ಒತ್ತಡವೇ 13ರ ಮೇಲಿರುತ್ತದೆ. ಎರಡು ಪಾತ್ರೆಗಳ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಕೊಳವೆಯಲ್ಲಿ ಹರಿವೆಲ್ಲಿ? ದಾರಿಯುದ್ದಕ್ಕೂ ಬಂದ ನಾಲ್ಕೈದು ಆಂಪಿಯರನ್ನು ತಂಗಳು ಪೆಟ್ಟಿಗೆಯೇ ನುಂಗಿಹಾಕಿತ್ತು.

ಎರಡನೆಯದು ಆ ನಾಲ್ಕು ದೀಪಗಳು. ಅವು ಸೀಸದ ಬ್ಯಾಟರಿಗಾಗಿ ಮಾಡಿದವು. ಒತ್ತಡವನ್ನು ನೋಡಿ ಹೊಟ್ಟೆಯನ್ನು ಊಹಿಸುತ್ತವೆ. ಸೀಸದ ಬ್ಯಾಟರಿ ಬರಿದಾದಂತೆ ಅದರ ಒತ್ತಡವೂ ಮೆಟ್ಟಿಲಿಳಿಯುತ್ತದೆ. ಲಿಥಿಯಂ ಹಾಗಲ್ಲ. ಮುಕ್ಕಾಲು ಇದ್ದರೂ ಕಾಲು ಇದ್ದರೂ ಅದರ ಮುಖ ಒಂದೇ ಬಗೆ. ಕೊನೆಯಲ್ಲಿ ಮಾತ್ರ ಥಟ್ಟನೆ ಕುಸಿಯುತ್ತದೆ. ಆಗ ಒಳಗಿನ ಕಾವಲು ಮಂಡಲ ಬ್ಯಾಟರಿ ಕೆಡದಿರಲೆಂದು ಬಾಗಿಲು ಹಾಕಿಬಿಡುತ್ತದೆ.

ಮೂರನೆಯದು ಚಳಿ. ಶೂನ್ಯ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ತುಂಬಬಾರದು. ತುಂಬುವಾಗ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳೊಳಗೆ ಹೊಕ್ಕು ಕುಳಿತುಕೊಳ್ಳಬೇಕು. ಶೀತದಲ್ಲಿ ಆ ಪ್ರವೇಶ ನಿಧಾನ. ರಥೋತ್ಸವದ ದಿನ ದೇಗುಲದ ಬಾಗಿಲಲ್ಲಿ ಜನ ಕಿಕ್ಕಿರಿದಂತೆ ಅವು ಹೊಸಲಲ್ಲಿಯೇ ಲೋಹವಾಗಿ ಹೆಪ್ಪುಗಟ್ಟುತ್ತವೆ. ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಆದುದರಿಂದಲೇ ಕಾವಲು ಮಂಡಲ ಆ ರಾತ್ರಿ ಟ್ರಕ್ಕಿನ ವಿದ್ಯುತ್ತನ್ನು ಒಳಗೆ ಬಿಟ್ಟಿರಲಿಲ್ಲ. ವಿಚಿತ್ರವೆಂದರೆ, ಅದೇ ಚಳಿಯಲ್ಲಿ ಕೊಡುವುದಕ್ಕೆ ಅದಕ್ಕೆ ಅಡ್ಡಿಯಿಲ್ಲ; ತೆಗೆದುಕೊಳ್ಳಲಾರದು, ಅಷ್ಟೆ. ನಮ್ಮ ಮನೆಯ ಹಿರಿಯರ ಸ್ವಭಾವವೂ ಇದೇ ಅಲ್ಲವೇ ಎಂದು ನಾನು ಅಮ್ಮನ ಕಡೆ ನೋಡಿದೆ.

ಅಕ್ಕ ಇವನ್ನೆಲ್ಲ ಕನ್ನಡದಲ್ಲಿ ಹೇಳಿದ ಮೇಲೆ ಅಮ್ಮ ಅಳಿಯನತ್ತ ತಿರುಗಿ ನಿಧಾನವಾಗಿ ಹೇಳಿದರು: “ಅಕ್ಕಿಯ ಡಬ್ಬವನ್ನು ಹೊರಗಿನಿಂದ ನೋಡಿ ತುಂಬಿದೆ ಅಂದರೆ ಆಗುತ್ತದೆಯೇ? ಹಾಕಿದ್ದು ಎಷ್ಟು ಪಾವು, ತೆಗೆದದ್ದು ಎಷ್ಟು ಪಾವು, ಲೆಕ್ಕ ಇರಬೇಕಪ್ಪ.”

ಎಲೆಕ್ಟ್ರೀಷಿಯನ್ನರಿಗೆ ಈ ಮಾತನ್ನು ಅನುವಾದಿಸಿದಾಗ ಅವರು ಗಟ್ಟಿಯಾಗಿ ನಕ್ಕರು. ಒಳಬಂದ, ಹೊರಹೋದ ಒಂದೊಂದು ಆಂಪಿಯರನ್ನೂ ಎಣಿಸಿಡುವ ಮೀಟರು ಅಂಗಡಿಯಲ್ಲಿ ಸಿಗುತ್ತದೆಯೆಂದೂ, ಈ ತಾಯಿ ಹೇಳಿದ್ದು ಅದನ್ನೇ ಎಂದೂ ಹೇಳಿದರು.

ಮನೆಗೆ ಮರಳಿದ ಭಾವನವರ ಮುಖ ಬಾಡಿತ್ತು. ಇನ್ನು ಅತ್ತೆಯವರನ್ನು ಕಾಡಿಗೆ ಕರೆದೊಯ್ಯುವುದಿಲ್ಲವೆಂದು ಅಕ್ಕನೊಡನೆ ಹೇಳುತ್ತಿದ್ದರಂತೆ. ಅಮ್ಮ ಅದನ್ನು ಒಪ್ಪಲಿಲ್ಲ. “ನಿದ್ದೆಗಣ್ಣಿನಲ್ಲಿ ನೋಡಿದ ಕಂದರ ನೋಡಿದ ಲೆಕ್ಕಕ್ಕಿಲ್ಲ. ನಾನು ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಹೋಗಲೇಬೇಕು,” ಎಂದರು. ಅಳಿಯಂದಿರ ಸಂಕೋಚವನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೊಂದಿರಲಿಲ್ಲ.

ಎರಡು ವಾರ ಭಾವ ದುಡಿದರು. ಟ್ರಕ್ಕಿನ ಬ್ಯಾಟರಿಯಿಂದ ಹಿಂದಿನವರೆಗೆ ಹೆಬ್ಬೆರಳು ಗಾತ್ರದ ತಾಮ್ರದ ತಂತಿ ಎಳೆದು, ಎರಡು ತುದಿಗಳಲ್ಲಿಯೂ ಫ್ಯೂಸ್ ಹಾಕಿದರು. ಅದರ ಕೊನೆಗೆ ‘ಡಿಸಿ-ಡಿಸಿ ಚಾರ್ಜರ್’ ಕೂಡಿಸಿದರು. ಟ್ರಕ್ಕು ಎಷ್ಟೇ ಒತ್ತಡ ಕೊಡಲಿ, ಅದನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ಏರಿಸಿ ಕೊಡುವುದು ಇದರ ಕೆಲಸ. ಬರಿಯ ದಪ್ಪ ತಂತಿಯೇ ಸಾಲದೇ ಎಂದರೆ ಸಾಲದು. ಹಸಿದ ಲಿಥಿಯಂ ಬ್ಯಾಟರಿ ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ. ವಿಶೇಷವಾಗಿ ಟ್ರಕ್ಕು ನಿಂತಲ್ಲಿಯೇ ಓಡುವಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಆದುದರಿಂದ ಚಾರ್ಜರು 30 ಆಂಪಿಯರಿಗೆ ಮಿತಿ ಹಾಕುತ್ತದೆ. ಮೂರು ಗಂಟೆ ಪ್ರಯಾಣ ಮಾಡಿದರೆ 90 ಆಂಪಿಯರ್-ಗಂಟೆ ಬುತ್ತಿ ಕಟ್ಟಿದಂತೆ. ಬ್ಯಾಟರಿಗಳು ಈಗ ಎರಡು. ಚಳಿಗೆ ಸಿಕ್ಕದಂತೆ ಅವನ್ನು ಮಂಚದ ಕೆಳಗೆ ಇಟ್ಟರು. ಸೀಸದ ಬ್ಯಾಟರಿಯಂತೆ ಇವು ತುಂಬುವಾಗ ಅನಿಲ ಬಿಡುವುದಿಲ್ಲವಾದುದರಿಂದ ಒಳಗಿಡಲು ಅಡ್ಡಿಯಿಲ್ಲ. ಸೂರಿನ ಮೇಲೆ 200 ವ್ಯಾಟಿನ ಸೌರ ಫಲಕವೂ ಬಂದಿತು. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು 60 ಆಂಪಿಯರ್-ಗಂಟೆ ಗಳಿಸುತ್ತದೆ.

ಅಮ್ಮನೂ ಸುಮ್ಮನಿರಲಿಲ್ಲ. ಖರ್ಚಿನ ಪಟ್ಟಿಯನ್ನು ನನ್ನಿಂದ ಬರೆಯಿಸಿದರು. ತಂಗಳು ಪೆಟ್ಟಿಗೆ ದಿನಕ್ಕೆ 45, ಕುಲುಮೆಯ ಪಂಕ 28, ಅಮ್ಮನ ಯಂತ್ರ 15, ದೀಪ ಮತ್ತು ನೀರಿನ ಪಂಪು 8. ಒಟ್ಟು 96. “ಇನ್ನೂರರ ಸಂಬಳದಲ್ಲಿ ತೊಂಬತ್ತಾರರ ಸಂಸಾರ. ಚಿಂತೆಯಿಲ್ಲ,” ಎಂದು ತೀರ್ಪು ಕೊಟ್ಟರು.

ಮೇ ತಿಂಗಳಲ್ಲಿ ಅದೇ ಪೈನ್ ಮರಗಳ ಕೆಳಗೆ ಮತ್ತೆ ತಂಗಿದೆವು. ಆ ರಾತ್ರಿ ನಾನು ಮೂರು ಬಾರಿ ಎದ್ದೆ. ಮೂರು ಬಾರಿಯೂ ಕತ್ತಲಲ್ಲಿ ಆ ಸುಯ್ಲು ಕೇಳುತ್ತಿತ್ತು. ಜಗತ್ತಿನಲ್ಲಿ ಇದಕ್ಕಿಂತ ಇಂಪಾದ ಸಂಗೀತವಿಲ್ಲವೆಂದುಕೊಂಡು ಮಲಗಿದೆ. ಬೆಳಗ್ಗೆ ಕಂದರದ ಅಂಚಿನಲ್ಲಿ ಕೆಂಪು ಬಂಡೆಗಳ ಮೇಲೆ ಬಿಸಿಲು ಇಳಿಯುವುದನ್ನು ಅಮ್ಮ ಒಂದು ಗಂಟೆಯ ಕಾಲ ಮಾತಿಲ್ಲದೆ ನೋಡಿದರು.

ಬಿಡಾರಕ್ಕೆ ಮರಳಿದ ಮೇಲೆ ಅವರ ಮೊದಲ ಪ್ರಶ್ನೆ: “ಡಬ್ಬದಲ್ಲಿ ಎಷ್ಟು ಉಳಿದಿದೆ?”

“ನೂರರಲ್ಲಿ ಅರವತ್ತೆಂಟು, ಅತ್ತೆ,” ಎಂದರು ಭಾವ, ಮೀಟರನ್ನು ನೋಡಿ.

“ಹಾಗಾದರೆ ಇನ್ನೊಂದು ಲೋಟ ಕಾಫಿಗೆ ಮೋಸವಿಲ್ಲ.”

“ಕಾಫಿಗೆ ಕರೆಂಟು ಬೇಡ ಅತ್ತೆ. ಒಲೆ ಗ್ಯಾಸಿನದು.”

“ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತೆ?” ಎಂದರು ಅಮ್ಮ. “ನಿನ್ನೆ ಸಂಜೆಯಿಂದ ಉಳಿತಾಯ ಮಾಡಿಕೊಂಡು ಕೂತಿದ್ದೇನೆ!”